ಬೆಣ್ಣೆ ತಿನ್ನುತ್ತಿದ್ದ ಮನುಷ್ಯನ ಊರಿಗೆ

ಬರ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್. ವ್ಯೂನ್ಸ್‌ಡಾರ್ಫ್ ನಿಲ್ದಾಣದಲ್ಲಿ ನನ್ನ ಜೊತೆ ಇಳಿದದ್ದು ಒಬ್ಬರು ಅಜ್ಜಿ, ಅವರ ನಾಯಿ, ಅಷ್ಟೇ. ಇಲ್ಲಿಗೆ ಬರುವವರು ಸಾಮಾನ್ಯವಾಗಿ ಹಿಟ್ಲರನ ಕಾಲದ ಬಂಕರ್‌ಗಳನ್ನು ನೋಡುತ್ತಾರೆ. ಇಲ್ಲವೇ 1994ರವರೆಗೂ ಇಲ್ಲೇ ಇದ್ದ ರಷ್ಯನ್ ಸೇನೆಯ ಪಾಳು ಕಟ್ಟಡಗಳನ್ನು. ನಾನು ಮಾತ್ರ ಮೊದಲು ಒಂದು ಬೀದಿಯ ಬೋರ್ಡ್ ಹುಡುಕಿಕೊಂಡು ಹೋದೆ.

'ಮೊಶೇಸ್ಟ್ರಾಸೆ', ಅಂದರೆ ಮಸೀದಿ ಬೀದಿ. ಸುತ್ತ ಎಲ್ಲೂ ಮಸೀದಿ ಇಲ್ಲ.

ಇತ್ತು. 1915ರಲ್ಲಿ ಮರದಲ್ಲಿ ಕಟ್ಟಿದ್ದು. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್, ಫ್ರೆಂಚ್ ಸೇನೆಗಳ ಭಾರತೀಯ ಮತ್ತು ಆಫ್ರಿಕನ್ ಸಿಪಾಯಿಗಳನ್ನು ಜರ್ಮನರು ಇಲ್ಲಿ ಇಟ್ಟಿದ್ದರು. 'ಅರ್ಧಚಂದ್ರ ಶಿಬಿರ' ಅಂತ ಹೆಸರು. ಚೆನ್ನಾಗಿ ನೋಡಿಕೊಂಡರೆ ಇವರು ಬ್ರಿಟಿಷರ ಮೇಲೇ ತಿರುಗಿಬೀಳುತ್ತಾರೆ ಅನ್ನೋದು ಲೆಕ್ಕಾಚಾರ. ಅದಕ್ಕೇ ಮುಸ್ಲಿಮರಿಗೆ ಮಸೀದಿ, ಅವರವರ ಪದ್ಧತಿಯ ಅಡುಗೆ, ಹಿಂದಿ ಮತ್ತು ಉರ್ದುವಿನಲ್ಲಿ ಒಂದು ಪತ್ರಿಕೆ. ಅತಿಥಿ ಸತ್ಕಾರ ಅನ್ನಬೇಕು, ಸುತ್ತ ಮುಳ್ಳುತಂತಿ ಒಂದು ಇರದಿದ್ದರೆ.

ಮಸೀದಿಯನ್ನು ಯುದ್ಧ ಮುಗಿದ ಮೇಲೆ ಕೆಡವಿದರು. 2015ರಲ್ಲಿ ಅದೇ ಜಾಗದಲ್ಲಿ ನಿರಾಶ್ರಿತರಿಗೆ ವಸತಿ ಕಟ್ಟಲು ಹೊರಟಾಗ, ಮೊದಲು ಪುರಾತತ್ವದವರು ನೆಲ ಅಗೆದು ನೋಡಿದರಂತೆ. ಒಂದು ಯುದ್ಧದವರ ಜಾಗಕ್ಕೆ ಇನ್ನೊಂದು ಯುದ್ಧದವರು.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಒಂದು ಧ್ವನಿ. ಆಗ ವಿಲ್ಹೆಲ್ಮ್ ಡೋಗೆನ್ ಎಂಬಾತನ ತಂಡ ಶಿಬಿರದಿಂದ ಶಿಬಿರಕ್ಕೆ ಗ್ರಾಮಫೋನ್ ಯಂತ್ರ ಹೊತ್ತು ತಿರುಗುತ್ತಿತ್ತು. ಭಾಷೆಗಳ ಸಂಗ್ರಹ ಅವರ ಹುಚ್ಚು. ಕೈದಿಯನ್ನು ಕೊಳವೆಯ ಮುಂದೆ ನಿಲ್ಲಿಸಿ 'ಏನಾದರೂ ಹೇಳು' ಅನ್ನೋದು. ಅವನು ಏನು ಹೇಳಿದ ಅನ್ನೋದಕ್ಕಿಂತ ಹೇಗೆ ಉಚ್ಚರಿಸಿದ ಅನ್ನೋದೇ ಅವರಿಗೆ ಮುಖ್ಯ. 1916ರ ಡಿಸೆಂಬರ್ 11ರಂದು ಮಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ಹಾಗೆ ನಿಂತ. ಆ ಧ್ವನಿಮುದ್ರಣದಲ್ಲಿ ಹಿಂದಿನಿಂದ ಕರಕರ ಸದ್ದು, ಬಾಣಲೆಯಲ್ಲಿ ಏನೋ ಕರಿದ ಹಾಗೆ. ನಡುವೆ ಅವನ ಗಂಟಲು.

ಅವನು 'ನಾನು' ಅನ್ನಲೇ ಇಲ್ಲ. ಅಜ್ಜಿ ಕತೆ ಶುರುಮಾಡುವ ಹಾಗೆ, ಒಬ್ಬ ಮನುಷ್ಯ ಇದ್ದ ಅಂತಾನೆ. ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಎರಡು ಸೇರು ಹಾಲು ಕುಡಿಯುತ್ತಿದ್ದ. ಯುದ್ಧಕ್ಕೆ ಬಂದ, ಜರ್ಮನರು ಹಿಡಿದರು. ಊರಿಗೆ ಹೋದರೆ ಮತ್ತೆ ಅದೇ ಊಟ ಸಿಗುತ್ತದೆ. ಸಂಧಿ ಯಾವಾಗಲೋ, ಸುದ್ದಿಯೇ ಇಲ್ಲ. ಇನ್ನೆರಡು ವರ್ಷ ಇಲ್ಲೇ ಇರಬೇಕಾದರೆ ಈ ಮನುಷ್ಯ ಸತ್ತುಹೋಗುತ್ತಾನೆ. ದೇವರ ದಯೆಯಿಂದ ಸಂಧಿಯಾದರೆ ನಾವು ವಾಪಸ್ ಹೋಗುತ್ತೇವೆ, ಅಂತ ಕೊನೆಗೆ. ಅಲ್ಲಿ ಮಾತ್ರ 'ನಾವು'. ಅದನ್ನು ಕೇಳಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಹಾಯುದ್ಧ ಅಂದರೆ ನಮ್ಮ ಕಡೆ ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಓಡಿಸಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳ ನೆನಪಾಗುತ್ತದೆ. ಹೆಮ್ಮೆಯ ಕತೆ, ಸರಿ. ಬೆಣ್ಣೆಯ ಆಸೆಗೆ ಸ್ಮಾರಕ ಯಾರು ಕಟ್ಟುತ್ತಾರೆ?

ಅಲ್ಲಿಂದ, ಶಿಬಿರದಲ್ಲಿ ಸತ್ತವರನ್ನು ಹೂತ ತ್ಸೇರೆನ್ಸ್‌ಡಾರ್ಫ್ ಸ್ಮಶಾನಕ್ಕೆ ಹೊರಟೆ. ನಂಬಿಕೊಂಡಿದ್ದ ಬಸ್ ಭಾನುವಾರ ಬರೋದಿಲ್ಲ ಅಂತ ನಿಲ್ದಾಣದಲ್ಲಿ ಅರ್ಧ ಗಂಟೆ ಕಾದ ಮೇಲೆ ಗೊತ್ತಾಯಿತು. ಸರಿ, ನಡೆದೆ. ಪೈನ್ ಕಾಡು, ಕಾಲ ಕೆಳಗೆ ಮರಳು. ಹಿಂದೆ ಸೇನೆ ಗುಂಡು ಹಾರಿಸಿ ತರಬೇತಿ ಮಾಡುತ್ತಿದ್ದ ಜಾಗ, ದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಆಚೆ ಇಡಲಿಲ್ಲ. ತಣ್ಣನೆ ಗಾಳಿ ಕಿವಿ ಕೊರೆಯುತ್ತಿತ್ತು. ಏಪ್ರಿಲ್‌ನಲ್ಲೇ ಹೀಗಾದರೆ ಆ ಡಿಸೆಂಬರ್ ಹೇಗಿದ್ದೀತು? ಚಳಿ, ಕ್ಷಯ ಜಾಸ್ತಿಯಾಗಿ 1917ರಲ್ಲಿ ಉಳಿದವರಲ್ಲಿ ಬಹಳ ಜನರನ್ನು ರೊಮೇನಿಯಾಕ್ಕೆ ಸಾಗಿಸಿದರು.

ಮರಗಳ ನಡುವೆ ಇದ್ದಕ್ಕಿದ್ದಂತೆ ಕತ್ತರಿಸಿದ ಹುಲ್ಲು, ಸಾಲು ಸಾಲು ಕಲ್ಲು. 206 ಭಾರತೀಯರು ಇಲ್ಲಿದ್ದಾರೆ. ಮೊದಲ ಸಾಲಿನಿಂದ ಹೆಸರು ಓದಲು ಶುರುಮಾಡಿದೆ. ಸಿಂಗ್, ಖಾನ್, ಮತ್ತೆ ಸಿಂಗ್. ಅರ್ಧಕ್ಕೆ ನಿಲ್ಲಿಸಿಬಿಟ್ಟೆ. ಅವನ ಹೆಸರು ಅಕಸ್ಮಾತ್ ಸಿಕ್ಕಿಬಿಟ್ಟರೆ ಅನ್ನಿಸಿತು.

ಗೇಟಿನ ಹತ್ತಿರ ಕೂತು ಬುತ್ತಿ ಬಿಚ್ಚಿದೆ. ಬೆಳಿಗ್ಗೆ ಸುಮ್ನೆ ಕಟ್ಟಿಕೊಂಡ ಬ್ರೆಡ್ಡು, ಒಳಗೆ ದಪ್ಪಗೆ ಸವರಿದ ಬೆಣ್ಣೆ. ಬಾಯಿಗಿಡಲು ಮುಜುಗರವಾಯಿತು. ಬೆರಳಲ್ಲಿ ಲೆಕ್ಕ ಹಾಕಿದೆ. ಅವನು ಮಾತಾಡಿದ್ದು 1916ರ ಡಿಸೆಂಬರ್ 11. ಕದನವಿರಾಮ 1918ರ ನವೆಂಬರ್ 11. ಅವನು ಹೇಳಿದ ಎರಡು ವರ್ಷಕ್ಕೆ ಒಂದು ತಿಂಗಳು ಕಡಿಮೆ.