ಮೊಟ್ಟೆಗೆ ಬಣ್ಣ ಹಚ್ಚಿದ ದಿನ ಮಗಳು ಕೇಳಿದ್ದು

ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ನಾಲ್ಕು ಮಕ್ಕಳು, 20 ಬೇಯಿಸಿದ ಮೊಟ್ಟೆ, ಐದು ಬಾಟಲಿ ಬಣ್ಣ. ಮರುದಿನ ಈಸ್ಟರ್. ಜರ್ಮನಿಯ ಡ್ರೆಸ್ಡೆನ್‌ಗೆ ಬಂದು ಇಷ್ಟು ವರ್ಷವಾದರೂ ನಮ್ಮ ಮನೆಯಲ್ಲಿ ಈ ಕೆಲಸ ನಡೆದದ್ದು ಇದೇ ಮೊದಲು. ಬಾಡಿಗೆ ಮನೆ, ಬಿಳಿ ಗೋಡೆ. ಆಮೇಲೆ ಇದನ್ನೆಲ್ಲ ತೊಳೆಯುವುದು ಹೇಗೆ ಅನ್ನೋದೇ ನನ್ನ ಚಿಂತೆ.

ಪಕ್ಕದ ಮನೆಯ ಅಜ್ಜಿ ಬೌಟ್ಸೆನ್ ಊರಿನ ಕಡೆಯವರು, ಸೋರ್ಬ್ ಅನ್ನೋ ಸಣ್ಣ ಸ್ಲಾವ್ ಸಮುದಾಯದ ಜನ. ಅವರಲ್ಲಿ ಹೆಬ್ಬಾತಿನ ಗರಿಯ ತುದಿ ಕತ್ತರಿಸಿ, ಕರಗಿದ ಮೇಣದಲ್ಲಿ ಅದ್ದಿ, ಚಿಪ್ಪಿನ ಮೇಲೆ ಒತ್ತುತ್ತಾರೆ. ಮೊಟ್ಟೆಯನ್ನು ಬಣ್ಣದಲ್ಲಿ ಮುಳುಗಿಸಿದರೆ ಮೇಣ ಕೂತ ಜಾಗಕ್ಕೆ ಬಣ್ಣ ಹಿಡಿಯೋದಿಲ್ಲ. ಕೊನೆಗೆ ಮೇಣದಬತ್ತಿಯ ಹತ್ತಿರ ಹಿಡಿದು ಒರೆಸಿದರೆ ಚುಕ್ಕಿಗಳು ಎದ್ದು ಕಾಣುತ್ತವೆ. ಸಣ್ಣ ಮಕ್ಕಳಿಗೆ ಬೆಂಕಿ ಬೇಡ ಅಂತ ಅಜ್ಜಿ ಬಿಳಿ ಕ್ರೆಯಾನ್ ಕೊಟ್ಟರು. ಅದೂ ಮೇಣವೇ ಅಲ್ವಾ?

ನನ್ನ ಚಿಂತೆಗೂ ಅವರ ಹತ್ತಿರ ಉತ್ತರ ಇತ್ತು. ಎಲ್ಲವನ್ನೂ ಅಂಚು ಇರುವ ಓವನ್ ಟ್ರೇ ಒಳಗೇ ಇಡಿ, ಚೆಲ್ಲಿದರೂ ಅಲ್ಲೇ ನಿಲ್ಲುತ್ತದೆ. ಬಣ್ಣಕ್ಕೆ ಬಟ್ಟಲು ಬೇಡ, ಜಾಮ್ ಬಾಟಲಿ ಸಾಕು. ಅರ್ಧ ಕಪ್ ಬಿಸಿನೀರು, ಒಂದು ಚಮಚ ವಿನೆಗರ್, ಒಂದಿಷ್ಟು ಹನಿ ಫುಡ್ ಕಲರ್. ಚಿಪ್ಪಿನಲ್ಲಿರುವ ಸುಣ್ಣಕ್ಕೆ ಹುಳಿ ತಾಗಿ ಸಣ್ಣ ಗುಳ್ಳೆ ಏಳುತ್ತವೆ, ಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ. ಮೊಟ್ಟೆ ಕಲಕುವ ತಂತಿ ಸೌಟಿನ ಒಳಗೆ ಮೊಟ್ಟೆ ತೂರಿಸಿ ಅದ್ದಿದರೆ ಬೆರಳಿಗೆ ಬಣ್ಣವೇ ಆಗೋದಿಲ್ಲ. ಒಣಗಲು ಮೊಟ್ಟೆ ತಂದ ರಟ್ಟಿನ ಡಬ್ಬಿ. ಮಕ್ಕಳಿಗೆ ನಮ್ಮ ಹಳೇ ಅಂಗಿ, ಹಿಂದುಮುಂದಾಗಿ.

ಕೆಲಸ ನಡೆಯುವಾಗ ನಾನು ದಾವಣಗೆರೆಯ ಹೋಳಿಯ ಕಥೆ ಹೇಳಿದೆ. ಹೇಳದೇ ಇರೋಕಾಗುತ್ತಾ? ಅದೂ ಹುಣ್ಣಿಮೆಯ ಹಬ್ಬ. ಈಸ್ಟರ್ ಕೂಡ ವಸಂತದ ಹುಣ್ಣಿಮೆ ಆದ ಮೇಲಿನ ಭಾನುವಾರ. 2024ರಲ್ಲಿ ಎರಡರ ನಡುವೆ ಆರೇ ದಿನ ಇತ್ತು. ಹೋಳಿ ದಿನ ನಮ್ಮೂರ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹರಿದ ಅಂಗಿಗಳು ಕರೆಂಟ್ ವೈರ್ ಮೇಲೆ ನೇತಾಡುತ್ತಿದ್ದವು. ರಸ್ತೆ, ಗೋಡೆ, ಎಮ್ಮೆ, ಸ್ಕೂಟರ್, ಎಲ್ಲದಕ್ಕೂ ಒಂದೇ ಬಣ್ಣ. ಮಕ್ಕಳು ಕಣ್ಣು ಅರಳಿಸಿಕೊಂಡು ಕೇಳಿದರು.

ಬಣ್ಣ ಹಚ್ಚಿ ಮುಗಿಯಿತು. ನಾನು ಬಾಟಲಿ ಎತ್ತಲು ಕೈ ಹಾಕಿದರೆ ಅಜ್ಜಿ ತಡೆದರು. ಮಕ್ಕಳೇ ಎದ್ದು ಬಾಟಲಿಗಳನ್ನು ಸಿಂಕಿಗೆ ಸಾಗಿಸಿದರು. ಟ್ರೇ ತಿಕ್ಕುತ್ತಿದ್ದ ನನ್ನ ಏಳು ವರ್ಷದ ಮಗಳು ತಲೆ ಎತ್ತದೆ ಕೇಳಿದಳು: "ಅಪ್ಪಾ, ಅಲ್ಲಿ ಯಾರು ತೊಳೀತಿದ್ರು?"

ನನಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಸರ್ಕಲ್ ಕ್ಲೀನ್ ಆಗಿರುತ್ತಿತ್ತು. ಪೌರಕಾರ್ಮಿಕರು ಬೆಳಗಿನ ಜಾವವೇ ಬಂದು ಹೋಗಿರುತ್ತಿದ್ದರು. ನಾನು ಆಗ ನಿದ್ದೆಯಲ್ಲಿ ಇರುತ್ತಿದ್ದೆ. ಮನೆಯಲ್ಲೂ ಅಷ್ಟೇ. ಬಚ್ಚಲಿಗೆ ಹೋಗಿ ಬಣ್ಣ ಹೋಗುವಷ್ಟು ನೀರು ಸುರಿದುಕೊಂಡು, ಬಟ್ಟೆಯನ್ನು ಅಲ್ಲೇ ಮೂಲೆಗೆ ಎಸೆದು, ಬೆಣ್ಣೆ ದೋಸೆ ತಿನ್ನಲು ಓಡುತ್ತಿದ್ದೆ. ವಾಪಸ್ ಬರುವಾಗ ಬಚ್ಚಲು ಮೊದಲಿನ ಹಾಗೇ ಇರುತ್ತಿತ್ತು. ಹೇಗೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಮ್ಮೂರ ಹೋಳಿ ಅಂದರೆ ನನಗೆ ಇವತ್ತಿಗೂ ಹೆಮ್ಮೆ. ಆದರೆ ಹಬ್ಬ ಆಡೋದು ಗಂಡುಮಕ್ಕಳ ಪಾಲು, ತೊಳೆಯೋದು ಹೆಂಗಸರ ಪಾಲು ಅನ್ನೋದು ನಮ್ಮ ಕೇರಿಯಲ್ಲಿ ಮಾತೇ ಇಲ್ಲದೆ ನಡೆದುಕೊಂಡು ಬಂದಿತ್ತು. ಅದು ಸರಿಯಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಹಾಗೇ ಇದೆ.

ಸಂಜೆ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆವು. ಊರಿನ ನಮ್ಮ ಮನೆಯೊಳಗೆ ಯಾವತ್ತೂ ಮೊಟ್ಟೆ ಬಂದದ್ದಿಲ್ಲ. ಅವ್ವ ಸ್ವಲ್ಪ ಹೊತ್ತು ಸುಮ್ನೆ ನೋಡಿ, "ತತ್ತಿ ಮೇಲೆ ರಂಗೋಲಿನಾ? ಚೆಂದ ಅದಾವು ಬಿಡು" ಅಂದಳು. ಮಗಳು ಅದೇ ಪ್ರಶ್ನೆಯನ್ನು ಅವ್ವನಿಗೂ ಕೇಳಿದಳು.

"ಇನ್ಯಾರು ತೊಳಿತಾರೆ ಪುಟ್ಟಿ, ನಾನೇ" ಅಂದಳು ಅವ್ವ. ನಲ್ಲಿ ನೀರು ದಿನಾ ಬರುತ್ತಿರಲಿಲ್ಲ. ಹೋಳಿಗೆ ಅಂತಲೇ ಎರಡು ದಿನ ಮೊದಲು ಡ್ರಮ್ ತುಂಬಿಸಿ, ಬೇರೆ ಯಾವುದಕ್ಕೂ ಮುಟ್ಟದೆ ಇಡುತ್ತಿದ್ದಳಂತೆ. ಬಚ್ಚಲ ಗೋಡೆಯ ಕೆಂಪು ಹೋಗಲು ಮೂರು ಸಲ ತಿಕ್ಕಬೇಕಿತ್ತಂತೆ. ದೂರಿನ ಧ್ವನಿ ಇರಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

"ಇವತ್ತು ನಿಮ್ಮಪ್ಪ ಏನಾದ್ರೂ ತೊಳೆದನಾ?"

"ಟ್ರೇ ನಾನು ತೊಳೆದೆ. ಬಾಟಲಿ ಎಲ್ಲಾ ಅಪ್ಪ ತೊಳೆದ."

ಅವ್ವ ಫೋನನ್ನು ಮುಖದ ಹತ್ತಿರ ತಂದುಕೊಂಡಳು. "ಎಲ್ಲಿ, ಕೈ ತೋರ್ಸು" ಅಂದಳು. ಎರಡೂ ಕೈ ಹಿಡಿದೆ. ಉಗುರಿನ ಸಂದಿಯೆಲ್ಲ ನೀಲಿ.

"ನಿಂಬೆಹಣ್ಣಿನ ಸಿಪ್ಪೆ ಹಚ್ಚಿ ತಿಕ್ಕಪ್ಪ, ಹೋಗ್ತದೆ" ಅಂದಳು.