ಹತ್ತನೆಯ ತರಗತಿಯ ಫಲಿತಾಂಶ ಎಂಟನೆಯ ತರಗತಿಯ ಜೂನ್‌ನಲ್ಲೇ ಗೊತ್ತಾಗುತ್ತದೆ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆ. ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು, ಶೇ 50.59. ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂದದ್ದು 2024ರಲ್ಲಿ. ನಕಲಿಗೆ ತಡೆ ಬಿತ್ತು, ಫಲಿತಾಂಶ ಇಳಿಯಿತು. ಮಕ್ಕಳು ಒಮ್ಮೆಲೇ ದಡ್ಡರಾದರು ಅಂತಲ್ಲ, ಇದ್ದದ್ದು ಕಣ್ಣಿಗೆ ಬಿತ್ತು ಅಷ್ಟೆ.

ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ನಡೆಯುವುದು ಒಂದೇ. ಸಭೆ, ನೋಟಿಸ್, ಕ್ರಿಯಾಯೋಜನೆ. ಡಿಸೆಂಬರ್‌ಗೆ ವಿಶೇಷ ತರಗತಿ, ಜನವರಿಗೆ ಪಾಸಾಗುವಷ್ಟು ಪ್ರಶ್ನೋತ್ತರದ ‘ಪಾಸಿಂಗ್ ಪ್ಯಾಕೇಜ್’, ಫೆಬ್ರವರಿಗೆ ರಾತ್ರಿ ಓದು. ಇವು ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಪಾಸಿಂಗ್ ಪ್ಯಾಕೇಜ್ ಕೈಗೆ ಕೊಟ್ಟಾಗ ಅದನ್ನು ಓದಲಿಕ್ಕಾದರೂ ಬರಬೇಕಲ್ಲ? ಹೃದಯದ ಚಿತ್ರ ಚೆಂದವಾಗಿ ಬರೆದ ಹುಡುಗ ಭಾಗಗಳ ಹೆಸರು ಬರೆಯುವಲ್ಲಿ ನಿಲ್ಲುತ್ತಾನೆ. 'ಹೃತ್ಕರ್ಣ' ಎಂಬ ಪದ ಅವನಿಗೆ ಅಕ್ಷರವಲ್ಲ, ಇನ್ನೊಂದು ಚಿತ್ರ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಎಂಟನೆಯ ತರಗತಿಗೆ ದಾಖಲಾದ ಮೊದಲ ಹದಿನೈದು ದಿನದಲ್ಲಿ. ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬಲು ಸೇತುಬಂಧ ಎಂಬ ಹೆಸರಲ್ಲಿ ಇದಕ್ಕೆ ಸಮಯವನ್ನು ಇಲಾಖೆಯೇ ಕೊಟ್ಟಿದೆ. ಬಹಳ ಕಡೆ ಆ ಸಮಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ, ಅಂಕ ತುಂಬಿ, ಫೈಲ್ ಕಟ್ಟುವುದರಲ್ಲಿ ಮುಗಿಯುತ್ತದೆ. ಬರೆಸುವ ಪರೀಕ್ಷೆಯಿಂದ ಓದು ಗೊತ್ತಾಗುವುದಿಲ್ಲ. ಪಕ್ಕದವನನ್ನು ನೋಡಿ ಗೆರೆ ಎಳೆದಂತೆ ನಕಲು ಮಾಡುವ ಮಕ್ಕಳ ಅಕ್ಷರ ಮುತ್ತಿನ ಹಾಗಿರುತ್ತದೆ.

ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು, ಬೇರೆಯವರಿಗೆ ಕೇಳದಂತೆ, ನಾಲ್ಕನೆಯ ತರಗತಿಯ ಕನ್ನಡ ಪುಸ್ತಕದಿಂದ ಎಂಟು ಸಾಲು ಓದಿಸಿ. ಪದ್ಯ ಬೇಡ, ಬಾಯಿಪಾಠ ಒಪ್ಪಿಸಿಬಿಡುತ್ತಾರೆ. ಗದ್ಯವೇ ಆದರೂ ಓದಿ ಮುಗಿದ ಮೇಲೆ ನಡುವಿನ ಎರಡು ಪದಕ್ಕೆ ಬೆರಳಿಟ್ಟು 'ಇದೇನು' ಎಂದು ಕೇಳಬೇಕು. ಒಬ್ಬರಿಗೆ ಮೂರು ನಿಮಿಷ ಸಾಕು. ಅರವತ್ತು ಮಕ್ಕಳು, ಮೂವರು ಶಿಕ್ಷಕರು ಎಂದರೆ ಒಂದು ಗಂಟೆಯ ಕೆಲಸ. ರಿಜಿಸ್ಟರಿನಲ್ಲಿ ಮೂರೇ ಗುರುತು: ಸರಾಗ ಓದುವವರು, ಅಕ್ಷರ ಕೂಡಿಸಿ ಓದುವವರು, ಅಕ್ಷರವೇ ಗೊತ್ತಿಲ್ಲದವರು.

ತಪ್ಪು ಎಲ್ಲೆಲ್ಲಿ ಆಗುತ್ತದೆ ಎಂಬುದನ್ನೂ ಆಗಲೇ ಬರೆದಿಟ್ಟುಕೊಳ್ಳಬೇಕು. ನಡುವಿನ ಗುಂಪಿನವರಲ್ಲಿ ಬಹುಪಾಲು ಎಡವುವುದು ಒತ್ತಕ್ಷರದಲ್ಲಿ, ಅದರಲ್ಲೂ ಅರ್ಕಾವೊತ್ತಿನಲ್ಲಿ. ಉಚ್ಚಾರದಲ್ಲಿ ರಕಾರ ಮೊದಲು, ಬರಹದಲ್ಲಿ ಅದರ ಗುರುತು ಆಮೇಲೆ. 'ಸೂರ್ಯ' ಕೊಟ್ಟರೆ 'ಸೂಯ್ರ' ಎನ್ನುತ್ತಾರೆ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ಗಣಿತದ ಪುಸ್ತಕ ತೆರೆದು ನೋಡಿ: ವರ್ಗ, ಅರ್ಧ, ಕರ್ಣ, ಪೂರ್ಣಾಂಕ, ದೀರ್ಘ. ಗಣಿತ ಬರುವುದಿಲ್ಲ ಎಂದು ಬದಿಗೆ ಸರಿಸಿದ ಮಕ್ಕಳಲ್ಲಿ ಎಷ್ಟೋ ಜನರಿಗೆ ಬಾರದ್ದು ಈ ಒಂದು ಗುರುತು. ದಿನಕ್ಕೆ ಇಪ್ಪತ್ತು ಪದ ಹಿಡಿದು ಎರಡು ವಾರ ಓದಿಸಿ ಬರೆಸಿದರೆ ಇದು ಹತೋಟಿಗೆ ಬರುತ್ತದೆ.

ಲೆಕ್ಕಕ್ಕೂ ಇಂಥದೇ ಒಂದು ಸಣ್ಣ ಪರೀಕ್ಷೆ. 503ರಲ್ಲಿ 267 ಕಳೆಯಲು ಕೊಡಿ. ಉತ್ತರ 236. ಸಾಕಷ್ಟು ಮಕ್ಕಳು 364 ಬರೆಯುತ್ತಾರೆ. ಪ್ರತಿ ಸ್ಥಾನದಲ್ಲೂ ದೊಡ್ಡದರಲ್ಲಿ ಸಣ್ಣದನ್ನು ಕಳೆದಿರುತ್ತಾರೆ, ದಶಕ ತೆಗೆದುಕೊಳ್ಳುವುದು ಗೊತ್ತಿರುವುದಿಲ್ಲ. ಮೇಲಿನ ಅಂಕೆ, ಕೆಳಗಿನ ಅಂಕೆ ಎಂಬ ಭೇದವಿಲ್ಲದೆ ಕಳೆಯುವ ಈ ಅಭ್ಯಾಸ ಮುಂದೆ ಋಣ ಸಂಖ್ಯೆಯಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಹತ್ತನೆಯ ತರಗತಿಯಲ್ಲಿ ನಕ್ಷೆಯ ಲೆಕ್ಕ ಗ್ಯಾರಂಟಿ ಅಂಕ ಎನ್ನುತ್ತೇವೆ. y = 6 − 2x ನಲ್ಲಿ x ಗೆ −1 ಹಾಕಿದರೆ 8 ಬರಬೇಕು. ಮಗು 4 ಬರೆದು, ಬಿಂದು ತಪ್ಪಿ, ಗೆರೆ ಸೊಟ್ಟಗಾಗಿ, ನಕ್ಷೆಯೇ ಕೈಬಿಡುತ್ತದೆ.

ಗುಂಪು ಮಾಡಿದ ಮೇಲೆ ದಿನದ ಮೊದಲ ಪೀರಿಯಡ್, ನಲವತ್ತು ನಿಮಿಷ, ಆಗಸ್ಟ್ ಮುಗಿಯುವವರೆಗೆ ಓದಿಗೆ ಮೀಸಲು. ಸಂಜೆ ಇಟ್ಟರೆ ಬಸ್ಸಿನ ನೆಪ, ಹೊಲದ ನೆಪ. ಹಿಂದುಳಿದವರನ್ನೆಲ್ಲ ಒಂದು ಕೋಣೆಗೆ ಕಳಿಸಿ ಬಾಗಿಲಿಗೆ ಹೆಸರು ಅಂಟಿಸಿದರೆ ಮೂರನೆಯ ದಿನಕ್ಕೆ ಹುಡುಗರು ಮಾಯ. ಶಾಲೆಯ ಎಲ್ಲ ಮಕ್ಕಳೂ ಅದೇ ಹೊತ್ತಿನಲ್ಲಿ ಯಾವುದಾದರೂ ಗುಂಪಿಗೆ ಹೋಗುವಂತಿದ್ದರೆ ನಾಚಿಕೆ ಕಡಿಮೆ. ಹದಿನೈದು ದಿನಕ್ಕೊಮ್ಮೆ ಮತ್ತೆ ಓದಿಸಿ ಮೇಲಿನ ಗುಂಪಿಗೆ ಏರಿಸಬೇಕು. ಜೂನ್‌ನಲ್ಲಿ ಮಾಡಿದ ಗುಂಪು ಮಾರ್ಚ್‌ವರೆಗೂ ಹಾಗೆಯೇ ಇದ್ದರೆ ಅದು ಪಾಠವಲ್ಲ, ಗೋಡೌನ್.

ಇನ್ನೊಂದು ಎಚ್ಚರ. ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ಕಡೆ ಮರಾಠಿ ಮಾಧ್ಯಮದಿಂದ, ಬೇರೆ ಕಡೆ ಉರ್ದು ಮಾಧ್ಯಮದಿಂದ ಏಳನೆಯ ತರಗತಿ ಮುಗಿಸಿ, ಹತ್ತಿರದಲ್ಲಿ ಆ ಮಾಧ್ಯಮದ ಪ್ರೌಢಶಾಲೆ ಇಲ್ಲದೆ ಕನ್ನಡ ಮಾಧ್ಯಮಕ್ಕೆ ಬರುವ ಮಕ್ಕಳಿದ್ದಾರೆ. ಇವರನ್ನು 'ನಿಧಾನ ಕಲಿಕೆ'ಗೆ ತಳ್ಳುವುದು ದೊಡ್ಡ ತಪ್ಪು. ಓದುವುದು ಹೇಗೆಂದು ಅವರಿಗೆ ಗೊತ್ತು, ಲಿಪಿ ಮಾತ್ರ ಹೊಸದು. ಇವರಿಗೆ ಕಾಗುಣಿತವನ್ನು ಬೇರೆಯಾಗಿ, ವೇಗವಾಗಿ ಕಲಿಸಬೇಕು. ತಾಂಡಾದ ಮಕ್ಕಳದು ಇನ್ನೊಂದು ಬಗೆ: ಮನೆಯಲ್ಲಿ ಲಂಬಾಣಿ, ಕನ್ನಡ ಲಿಪಿ ಚೆನ್ನಾಗಿ ಬರುತ್ತದೆ, ಪುಸ್ತಕದ ಪದದ ಅರ್ಥ ಬರುವುದಿಲ್ಲ.

ಓದು ಒಂದು ಕಡೆಯಾದರೆ ಹಾಜರಿ ಇನ್ನೊಂದು. ನಮ್ಮ ಕಡೆ ಶಾಲೆ ಖಾಲಿಯಾಗುವುದು ಬೆಳೆಯ ಲೆಕ್ಕದಲ್ಲಿ. ಯಾದಗಿರಿ, ಶಹಾಪುರ ಭಾಗದಲ್ಲಿ ದೀಪಾವಳಿಯ ಆಚೀಚೆ ಹತ್ತಿ ಬಿಡಿಸುವ ಕಾಲ, ಕಲಬುರಗಿಯಲ್ಲಿ ಡಿಸೆಂಬರ್-ಜನವರಿಗೆ ತೊಗರಿ ರಾಶಿ. "ಹತ್ತಿ ಬಿಡಸಲಾಕ ಹೋಗ್ಯಾನ್ರಿ ಸರ" ಎಂಬ ಉತ್ತರ ಪ್ರತಿ ಕ್ಲಾಸಿನಲ್ಲೂ ಕೇಳುತ್ತದೆ. ಇದರ ಜೊತೆ ಬೆಂಗಳೂರು, ಹೈದರಾಬಾದ್, ಮುಂಬೈಗೆ ಗುಳೆ. ಗುಳೆ ಹೋದ ಮೇಲೆ ಪಟ್ಟಿ ಮಾಡಿ ಫಲವಿಲ್ಲ. ದಾಖಲಾತಿಯ ದಿನವೇ ತಾಯಿಯನ್ನು ಒಂದು ಪ್ರಶ್ನೆ ಕೇಳಬೇಕು: ಹೋದ ವರ್ಷ ದುಡಿಯಲು ಹೊರಗೆ ಹೋಗಿದ್ದಿರಾ? ಹೌದು ಎಂದರೆ ಅದೇ ವಾರ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗೆ ಅರ್ಜಿ ಹಾಕಿಸಬೇಕು. ವರ್ಷದ ಶುರುವಿನಲ್ಲಿ ತುಂಬುವ ಸೀಟು ನವೆಂಬರ್‌ನಲ್ಲಿ ಸಿಗುವುದು ಕಷ್ಟ. ಅಜ್ಜಿಯ ಬಳಿ ಬಿಟ್ಟುಹೋಗುತ್ತೇವೆ ಎಂದರೆ ಅಜ್ಜಿಯ ಮನೆ ಎಲ್ಲಿ, ಪಕ್ಕದ ಮನೆಯವರ ನಂಬರ್ ಯಾವುದು ಎಂದು ಬರೆದುಕೊಳ್ಳಿ.

ಮೂರು ದಿನ ಬಾರದಿದ್ದರೆ ಫೋನ್, ಐದನೆಯ ದಿನ ಮನೆಗೆ. ಫೋನನ್ನು ಶಾಲೆಯ ಹೊತ್ತಿನಲ್ಲಿ ಮಾಡಿದರೆ ಯಾರೂ ಎತ್ತುವುದಿಲ್ಲ, ಹೊಲದಲ್ಲಿರುತ್ತಾರೆ. ಬೆಳಿಗ್ಗೆ ಏಳಕ್ಕೆ ಅಥವಾ ರಾತ್ರಿ ಎಂಟಕ್ಕೆ ಮಾಡಬೇಕು. ಬಿಸಿಯೂಟದ ನಂತರ ಇನ್ನೊಮ್ಮೆ ತಲೆ ಎಣಿಸುವುದೂ ಅಷ್ಟೇ ಮುಖ್ಯ. ಬೆಳಗಿನ ಹಾಜರಿಗೂ ಮಧ್ಯಾಹ್ನದ ಬೆಂಚಿಗೂ ಹೊಂದಾಣಿಕೆ ಇಲ್ಲದ ಶಾಲೆಗಳಲ್ಲಿ ಮಧ್ಯಾಹ್ನದ ಪೀರಿಯಡ್ ಯಾವ ವಿಷಯದ್ದೋ ಆ ವಿಷಯದಲ್ಲೇ ಹೆಚ್ಚು ಜನ ಫೇಲ್. ವೇಳಾಪಟ್ಟಿ ಬರೆಯುವಾಗ ಇದನ್ನು ನೋಡುವವರು ಕಡಿಮೆ.

ಹೆಣ್ಣುಮಕ್ಕಳು ಮುಟ್ಟಿನ ಕಾರಣಕ್ಕೆ ತಿಂಗಳಿಗೆ ಮೂರು ದಿನ ತಪ್ಪಿಸಿದರೆ ಹತ್ತು ತಿಂಗಳಿಗೆ ಮೂವತ್ತು ದಿನ. ಇದಕ್ಕೆ ಬೇಕಾದ್ದು ಇಷ್ಟು: ಶೌಚಾಲಯಕ್ಕೆ ಒಳಗಿನ ಚಿಲಕ, ನಲ್ಲಿಯಲ್ಲಿ ನೀರು, ಮುಚ್ಚಳವಿರುವ ಡಬ್ಬಿ, ಮೇಡಂ ಒಬ್ಬರ ಕೈಯಲ್ಲಿ ಪ್ಯಾಡ್. ಶಿಕ್ಷಕಿಯೇ ಇಲ್ಲದ ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಗೆ ಪ್ಯಾಡ್ ಇಟ್ಟ ಕಪಾಟಿನ ಬೀಗದ ಕೈ ಕೊಡಬಹುದು. ಹೆಡ್‌ಮಾಸ್ಟರರ ಕಪಾಟಿನಲ್ಲಿಟ್ಟ ಪ್ಯಾಡನ್ನು ಯಾರೂ ಕೇಳಲು ಬರುವುದಿಲ್ಲ.

ಶಿಕ್ಷಕರ ಕಡೆಯ ಲೆಕ್ಕವೂ ಇರಲಿ. ವಾರಕ್ಕೆ ಆರು ಪೀರಿಯಡ್‌ನಂತೆ ಗಣಿತಕ್ಕೆ ಎರಡು ತಿಂಗಳು ಯಾರೂ ಇಲ್ಲದಿದ್ದರೆ ಸುಮಾರು 48 ಪೀರಿಯಡ್ ಹೋಯಿತು. ಅತಿಥಿ ಶಿಕ್ಷಕರು ಬಂದ ಮೇಲೆ ಮೊದಲ ಪಾಠದಿಂದ ಓಡಿಸಿದರೆ ಅದು ತುಂಬುವುದಿಲ್ಲ. ತರಬೇತಿ, ಚುನಾವಣೆ ಕೆಲಸ, ನಿಯೋಜನೆ ಎಂದು ತಪ್ಪಿದ ಪೀರಿಯಡ್‌ಗಳಿಗೆ ಒಂದು ನೋಟ್‌ಬುಕ್ ಇಟ್ಟು, ವಿಷಯವಾರು ಬರೆದು, ತಿಂಗಳ ಕೊನೆಯ ಸ್ಟಾಫ್ ಮೀಟಿಂಗ್‌ನಲ್ಲಿ ಎದುರಿಗಿಡಬೇಕು. ಯಾರನ್ನೂ ಬೈಯಬೇಕಿಲ್ಲ, ಅಂಕಿ ಸಾಕು. ಆಂತರಿಕ ಅಂಕದ ಮಾತೂ ಇಲ್ಲೇ: ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು ಹಾಕಿದರೆ 80ರ ಲಿಖಿತದಲ್ಲಿ ಒಂಬತ್ತು ತೆಗೆಯುವವರು ಯಾರೆಂದು ಶಾಲೆಗೇ ಗೊತ್ತಾಗುವುದಿಲ್ಲ.

ಇಷ್ಟಾದರೂ ಕೆಲವರು ಪರೀಕ್ಷೆ-1ರಲ್ಲಿ ಫೇಲಾಗಿ ಉಳಿಯುತ್ತಾರೆ. 2023-24ರಿಂದ ಅವರಿಗೆ ಅದೇ ವರ್ಷ ಮತ್ತೆ ಬರೆಯಲು ಪರೀಕ್ಷೆ-2 ಇದೆ. ಆದರೆ ಏಪ್ರಿಲ್‌ಗೆ ಹುಡುಗ ಅಪ್ಪನ ಜೊತೆ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುತ್ತಾನೆ, ಫಲಿತಾಂಶ ಬಂದದ್ದೂ ಗೊತ್ತಿರುವುದಿಲ್ಲ. ಆದ್ದರಿಂದ ಪರೀಕ್ಷೆ-1ರ ಕೊನೆಯ ಪತ್ರಿಕೆಯ ದಿನ ಗೇಟಿನ ಹತ್ತಿರ ಒಬ್ಬ ಶಿಕ್ಷಕರು ನೋಟ್‌ಬುಕ್ ಹಿಡಿದು ನಿಲ್ಲಬೇಕು. ಪ್ರತಿಯೊಬ್ಬರಿಂದ ಮೂರು ನಂಬರ್: ಮನೆಯದು, ಊರಲ್ಲೇ ಉಳಿಯುವ ಸಂಬಂಧಿಕರದು, ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯದು. ಮೂರರಲ್ಲಿ ಒಂದಾದರೂ ಹತ್ತುತ್ತದೆ. ಹುಡುಗ ಸಿಕ್ಕ ಕೂಡಲೇ ಹೇಳಬೇಕಾದ್ದು ಅರ್ಜಿಯ ಕೊನೆಯ ದಿನ, ಪ್ರವೇಶಪತ್ರ ಪಡೆಯುವ ದಿನ, ಮತ್ತು ಯಾವ ದಿನ ರೈಲು ಹತ್ತಿದರೆ ಪತ್ರಿಕೆಗೆ ಮೂರು ದಿನ ಮೊದಲು ಊರು ಮುಟ್ಟುತ್ತಾನೆ ಎಂಬುದು.