ಎರಡನೆಯ ಟಿಪ್ಪಣಿ

ಬೆಳಗ್ಗೆಯಿಂದ ಬೆಂಜಮಿನ್ ಸಿಮನ್-ಟೋವ್ ತಲೆಯಿಂದ ಹೋಗುತ್ತಿಲ್ಲ. ಇಸ್ರೇಲ್ ಸೇನೆಯ ದಕ್ಷಿಣ ಕಮಾಂಡ್‌ನಲ್ಲಿ ಕಿರಿಯ ಗುಪ್ತಚರ ಅಧಿಕಾರಿಯಾಗಿದ್ದವರು. 1973ರಲ್ಲಿ ಸೂಯೆಜ್ ಕಾಲುವೆಯ ಆಚೆ ದಡದಲ್ಲಿ ಈಜಿಪ್ಟ್ ಪಡೆಗಳು ಜಮಾಯಿಸುತ್ತಿದ್ದಾಗ, ಅದು ಬರೀ ಸಮರಾಭ್ಯಾಸ ಎಂದು ಮೇಲಿನವರು ನಂಬಿ ಕುಳಿತಿದ್ದರು. ಅಭ್ಯಾಸವೆಂಬುದು ಪರದೆ, ಹಿಂದೆ ಯುದ್ಧದ ತಯಾರಿ ನಡೆದಿರಬಹುದು ಎಂದು ಈ ಲೆಫ್ಟಿನೆಂಟ್ ಅಕ್ಟೋಬರ್ 1ರಂದು ಬರೆದುಕೊಟ್ಟರು. ಯಾರೂ ಕಿವಿಗೊಡಲಿಲ್ಲ. 3ರಂದು ಮತ್ತೆ ಬರೆದರು. ಮೇಲಧಿಕಾರಿ ಅದನ್ನು ಕಮಾಂಡ್‌ನ ವರದಿಗೆ ಸೇರಿಸಲೇ ಇಲ್ಲ. 6ರ ಮಧ್ಯಾಹ್ನ, ಯೆಹೂದಿಗಳ ಯೋಮ್ ಕಿಪ್ಪುರ್ ಉಪವಾಸದ ದಿನ, ಈಜಿಪ್ಟ್ ಸೈನಿಕರು ಕಾಲುವೆ ದಾಟಿದರು.

ನನ್ನನ್ನು ಕಾಡುವುದು ಆ ಎರಡನೆಯ ಟಿಪ್ಪಣಿ. ಬಡ್ತಿ, ವರ್ಗಾವಣೆ ಎಲ್ಲವೂ ಮೇಲಿನವರ ಕೈಯಲ್ಲಿರುವ ನೌಕರಿಯಲ್ಲಿ, ಒಮ್ಮೆ ಬದಿಗೆ ಸರಿಸಿದ ಮಾತನ್ನು ಎರಡೇ ದಿನದಲ್ಲಿ ಪುನಃ ಬರೆದು ಅವರ ಮುಂದಿಡಲು ಎಂಥ ಎದೆಗಾರಿಕೆ ಬೇಕು! ಸರಿಯೆಂದು ಸಾಬೀತಾಗುವ ಭರವಸೆಯೂ ಆಗ ಇರಲಿಲ್ಲವಲ್ಲ.

ಯುದ್ಧ ಮುಗಿದು, ಸೇನೆಯ ವೈಫಲ್ಯದ ತನಿಖೆಗೆ ಇಸ್ರೇಲ್ ನೇಮಿಸಿದ ಅಗ್ರಾನಾತ್ ಆಯೋಗದ ವಿಚಾರಣೆ ನಡೆಯುವ ಹೊತ್ತಿಗೆ ವಿಷಯ ಹೊರಬಂತು. ಗುಪ್ತಚರ ವಿಭಾಗದ ಮುಖ್ಯಸ್ಥ ಎಲಿ ಜೇರಾ ಹುದ್ದೆ ಕಳೆದುಕೊಂಡರು. ಸಿಮನ್-ಟೋವ್ ಕ್ಯಾಪ್ಟನ್ ಆದರು. ಸಂತೋಷವೇ. ಆದರೂ ಕಾಲುವೆಯುದ್ದಕ್ಕೂ ಇಸ್ರೇಲ್ ಕಟ್ಟಿದ್ದ ರಕ್ಷಣಾ ಸಾಲಾದ ಬಾರ್-ಲೆವ್ ರೇಖೆಯ ಕಾವಲು ನೆಲೆಗಳಲ್ಲಿದ್ದ ಹುಡುಗರನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.